ರಕ್ಕಸಿಯಾದ ತಂಗಿ, ಕತ್ತಿ ಹಿಡಿದ ಅಣ್ಣ

ಹೊಸ ವರ್ಷ ಹತ್ತಿರ ಬಂದಿದೆ. ಬೆಟ್ಟವೆಲ್ಲ ಹಿಮದಿಂದ ಮುಚ್ಚಿಹೋಗಿದೆ. 13 ವರ್ಷದ ಹುಡುಗನೊಬ್ಬನು ಬೆನ್ನಿನ ಮೇಲೆ ಇದ್ದಿಲಿನ ಬುಟ್ಟಿ ಹೊತ್ತು ಕೆಳಗಿನ ಊರಿಗೆ ಇಳಿಯುತ್ತಿದ್ದಾನೆ. ತಂದೆಯಿಲ್ಲದ ಮನೆ, ತಾಯಿ, ಐವರು ಒಡಹುಟ್ಟಿದವರು, ಆತನೇ ಹಿರಿಯ ಮಗ. ಹಬ್ಬದ ದಿನ ಎಲ್ಲರೂ ಹೊಟ್ಟೆತುಂಬ ಉಣ್ಣಲಿ ಎಂಬುದೊಂದೇ ಆತನ ಹಂಬಲ. ಇದ್ದಿಲು ಮಾರಿ ಹಿಂದಿರುಗುವ ಹೊತ್ತಿಗೆ ಕತ್ತಲಾಗುವುದು. ದಾರಿಯಲ್ಲಿ ಪರಿಚಯದ ಮುದುಕನೊಬ್ಬನು ಕರೆದು, ರಾತ್ರಿ ಹೊತ್ತು ನರಭಕ್ಷಕ ರಕ್ಕಸರು ತಿರುಗುವರೆಂದು ಎಚ್ಚರಿಸಿ, ತನ್ನ ಮನೆಯಲ್ಲಿಯೇ ಮಲಗಿಸಿಕೊಳ್ಳುವನು. ಬೆಳಗಾದ ಮೇಲೆ ಹುಡುಗನು ಬೆಟ್ಟ ಹತ್ತುವನು. ಗಾಳಿಯಲ್ಲಿ ರಕ್ತದ ವಾಸನೆ. ಮನೆಯ ಬಾಗಿಲಲ್ಲಿಯೇ ತಂಗಿ ಬಿದ್ದಿದ್ದಾಳೆ. ಕಿರಿಯ ತಮ್ಮನನ್ನು ಎದೆಗವಚಿಕೊಂಡೇ ಬಿದ್ದಿದ್ದಾಳೆ. ಒಳಗೆ ತಾಯಿಯೂ ಉಳಿದ ಮಕ್ಕಳೂ ಹೆಣವಾಗಿದ್ದಾರೆ.

ಮೈಯಲ್ಲಿ ಇನ್ನೂ ಬಿಸಿ ಉಳಿದಿದ್ದುದು ಆ ತಂಗಿಗೆ ಮಾತ್ರ. ಆಕೆಯನ್ನು ಹೊತ್ತು, ವೈದ್ಯನನ್ನು ಅರಸಿ, ಹಿಮದಲ್ಲಿ ಏಳುತ್ತ ಬೀಳುತ್ತ ಓಡುವಾಗ, ಬೆನ್ನಮೇಲಿನ ಆ ತಂಗಿಯೇ ಕೋರೆಹಲ್ಲು ತೆರೆದು ಅಣ್ಣನ ಮೇಲೆರಗುವಳು. ಆಕೆ ರಕ್ಕಸಿಯಾಗಿದ್ದಾಳೆ!

‘ಕಿಮೆತ್ಸು ನೋ ಯಾಯಿಬಾ’ ಎಂಬ ಜಪಾನೀ ಚಿತ್ರಧಾರಾವಾಹಿ ಮೊದಲಾಗುವುದು ಹೀಗೆ. ರಕ್ಕಸರನ್ನು ನಿರ್ಮೂಲಗೊಳಿಸುವ ಅಲಗು ಎಂದು ಆ ಹೆಸರಿನ ಅರ್ಥ. ಹೊರದೇಶಗಳಲ್ಲಿ ಇದು ‘ಡೀಮನ್ ಸ್ಲೇಯರ್’ ಎಂದು ಪ್ರಸಿದ್ಧ. ನಟರ ಬದಲು ಬರೆದ ಚಿತ್ರಗಳೇ ಚಲಿಸುತ್ತ ಕಥೆ ಹೇಳುವ ಈ ಧಾರಾವಾಹಿ 2019ರ ಏಪ್ರಿಲ್ ತಿಂಗಳಲ್ಲಿ ಜಪಾನಿನ ಟೆಲಿವಿಷನ್ನಿನಲ್ಲಿ ಆರಂಭವಾಯಿತು; ಒಂದೆರಡು ವರ್ಷಗಳೊಳಗೆ ಖಂಡಖಂಡಾಂತರಗಳಲ್ಲಿ ಮನೆಮಾತಾಯಿತು.

ರಾಕ್ಷಸಸಂಹಾರದ ಕಥೆಗಳಿಗೆ ಲೋಕದಲ್ಲಿ ಬರವಿಲ್ಲ. ನಮಗಂತೂ ಅವು ತೊಟ್ಟಿಲಿನಿಂದಲೇ ಪರಿಚಿತ. ಹಾಗಿದ್ದೂ ಈ ಒಂದು ಕಥೆ ಕೋಟ್ಯಂತರ ಜನರ ಕಣ್ಣನ್ನು ತೇವಗೊಳಿಸಿದ್ದೇಕೆ? ಕತ್ತಿಕಾಳಗದ ರಭಸ ಒಂದು ಕಾರಣವಿದ್ದೀತು. ಆದರೆ ಮುಖ್ಯ ಕಾರಣ ಬೇರೆಯೇ ಇದೆ. ಇಲ್ಲಿ ಕೊಲ್ಲಬೇಕಾದ ಪ್ರತಿಯೊಬ್ಬ ರಕ್ಕಸನೂ ಹಿಂದೊಮ್ಮೆ ಯಾರದೋ ಮಗ, ಯಾರದೋ ಅಣ್ಣ, ಯಾರದೋ ತಂಗಿ. ಅದನ್ನು ಮರೆತವನು ರಕ್ಕಸನಾಗಿಯೇ ಉಳಿಯುವನು. ಅದನ್ನು ನೆನೆದು ಕತ್ತಿಯೆತ್ತುವವನು ಮಾತ್ರ ಮನುಷ್ಯನಾಗಿ ಉಳಿಯುವನು.

ವಾರಪತ್ರಿಕೆಯ ಕೂಸು

ವಾರವಾರವೂ ಧಾರಾವಾಹಿಯ ಮುಂದಿನ ಕಂತಿಗಾಗಿ ಕಾಯುವ ಓದುಗರಿಗೆ ಈ ಕಥೆಯ ಹುಟ್ಟು ಆಪ್ತವೆನಿಸದೆ ಇರದು. ಇದು ಮೊದಲು ಕಾಣಿಸಿಕೊಂಡುದು ವಾರಪತ್ರಿಕೆಯೊಂದರ ಪುಟಗಳಲ್ಲಿ. ಷುಯೇಷಾ ಎಂಬ ಪ್ರಕಾಶನ ಸಂಸ್ಥೆ 1968ರಲ್ಲಿ ಆರಂಭಿಸಿದ ‘ಶೋನೆನ್ ಜಂಪ್’ ಬಾಲಕರಿಗೆಂದೇ ಹೊರಡುವ ಚಿತ್ರಕಥೆಗಳ ಪತ್ರಿಕೆ. ಒಂದೇ ಸಂಚಿಕೆಯಲ್ಲಿ ಹತ್ತಾರು ಧಾರಾವಾಹಿಗಳು. ಯಾವುದು ಇಷ್ಟವಾಯಿತೆಂದು ಓದುಗರು ತಿಳಿಸುವರು. ಆ ಮತಗಳನ್ನು ನೋಡಿಯೇ ಯಾವ ಕಥೆ ಉಳಿಯಬೇಕು, ಯಾವುದು ನಿಲ್ಲಬೇಕು ಎಂದು ಸಂಪಾದಕರು ತೀರ್ಮಾನಿಸುವರು. ಓದುಗನ ಮನಸ್ಸನ್ನು ಹಿಡಿಯಲಾರದ ಕಥೆ ಕೆಲವೇ ತಿಂಗಳುಗಳಲ್ಲಿ ಕಣ್ಮರೆಯಾಗುವುದು.

ಇಂಥ ಕಠಿಣ ಕಣದಲ್ಲಿ 2016ರ ಫೆಬ್ರವರಿಯಲ್ಲಿ ಈ ಕಥೆ ಕಾಲಿಟ್ಟಿತು. ಬರೆದವರೂ ಚಿತ್ರಿಸಿದವರೂ ಕೊಯೊಹಾರು ಗೊತೋಗೆ. ಅದು ಕಾವ್ಯನಾಮ. ಅವರು ಜನರೆದುರು ಕಾಣಿಸಿಕೊಂಡವರಲ್ಲ. ತಮ್ಮ ಭಾವಚಿತ್ರದ ಬದಲು ಕನ್ನಡಕ ಹಾಕಿಕೊಂಡ ಮೊಸಳೆಯೊಂದನ್ನು ಬರೆದು ಸುಮ್ಮನಾದವರು. 2020ರ ಮೇ ತಿಂಗಳಲ್ಲಿ, 205 ಅಧ್ಯಾಯಗಳಾದ ಮೇಲೆ, ಕಥೆಯನ್ನು ಮುಗಿಸಿದರು. ಅದು ಜನಪ್ರಿಯತೆಯ ಶಿಖರದಲ್ಲಿದ್ದ ಹೊತ್ತು. ಗೆದ್ದ ಕಥೆಯನ್ನು ಎಳೆದು ಎಳೆದು ಬೆಳೆಸುವ ಆಸೆ ಯಾರಿಗಿಲ್ಲ? ಗೊತೋಗೆ ಆ ಆಸೆಗೆ ಬೀಳಲಿಲ್ಲ. ಪುಸ್ತಕರೂಪದಲ್ಲಿ 23 ಸಂಪುಟಗಳಾದುವು. 22ನೆಯ ಸಂಪುಟ ಹೊರಬಂದ 2020ರ ಅಕ್ಟೋಬರಿನಲ್ಲಿಯೇ ಅಚ್ಚಾದ ಪ್ರತಿಗಳ ಒಟ್ಟು ಸಂಖ್ಯೆ 10 ಕೋಟಿಯನ್ನು ದಾಟಿತ್ತು.

‘ಒನಿ’ ಎಂಬುವನಾರು?

ಜಪಾನೀಯರು ರಕ್ಕಸನನ್ನು ‘ಒನಿ’ ಎನ್ನುವರು. ಕೊಂಬು, ಕೋರೆದಾಡೆ, ಕೆಂಪು ಅಥವಾ ನೀಲಿ ಮೈ, ಸೊಂಟಕ್ಕೆ ಹುಲಿಚರ್ಮ, ಕೈಯಲ್ಲಿ ಕಬ್ಬಿಣದ ಗದೆ: ಇದು ಅವರ ಜಾನಪದದಲ್ಲಿ ಒನಿಯ ರೂಪ. ಫೆಬ್ರವರಿಯ ಮೊದಲಲ್ಲಿ ಬರುವ ‘ಸೆತ್ಸುಬುನ್’ ಎಂಬ ದಿನ ಮನೆಮನೆಗಳಲ್ಲಿ ಹುರಿದ ಸೋಯಾ ಕಾಳನ್ನು ಎರಚಿ, ಒನಿಗಳನ್ನು ಹೊರಗಟ್ಟಿ ಭಾಗ್ಯವನ್ನು ಒಳಗೆ ಕರೆಯುವರು. ಬೌದ್ಧಧರ್ಮದೊಡನೆ ಚೀನದ ಮೂಲಕ ನಮ್ಮ ರಾಕ್ಷಸನೂ ಯಕ್ಷನೂ ಆ ದ್ವೀಪಗಳಿಗೆ ಪ್ರಯಾಣ ಮಾಡಿದ್ದುಂಟು. ಅಲ್ಲಿ ಅವರ ಹೆಸರು ‘ರಸೆತ್ಸು’, ‘ಯಾಷ’ ಎಂದಾಗಿದೆ. ದೂರದ ದೇಶದ ಕಥೆಯಾದರೂ ಮನೆಯ ಹೆಸರು ಪೂರಾ ಅಪರಿಚಿತವಲ್ಲ!

ಗೊತೋಗೆ ಅವರ ಒನಿಗಳು ಹುಟ್ಟಿನಿಂದ ಒನಿಗಳಲ್ಲ. ಸಾವಿರ ವರ್ಷಗಳ ಹಿಂದೆ ಮುಜಾನ್ ಎಂಬ ರೋಗಿಯೊಬ್ಬನಿದ್ದನು. ಇಪ್ಪತ್ತು ತುಂಬುವುದರೊಳಗೆ ಸಾಯುವನೆಂದು ತಿಳಿದಿದ್ದ ಆತನನ್ನು ಉಳಿಸಲು ದಯಾಳುವಾದ ವೈದ್ಯನೊಬ್ಬನು ಹೊಸ ಮದ್ದನ್ನು ಕೊಡುತ್ತಿದ್ದನು. ಗುಣ ಕಾಣದೆ ಸಿಟ್ಟಿಗೆದ್ದ ಮುಜಾನನು ಆ ವೈದ್ಯನನ್ನೇ ಕೊಂದನು. ಮದ್ದು ಫಲಿಸಿದುದು ಆಮೇಲೆ! ಸಾವಿಲ್ಲದ ದೇಹ ದೊರಕಿತು. ಜೊತೆಗೆ ನರಮಾಂಸದ ಹಸಿವೂ ಬಂದಿತು. ಬಿಸಿಲು ಸೋಕಿದರೆ ಭಸ್ಮವಾಗುವ ಶಾಪವೂ ಅಂಟಿತು. ತನ್ನ ರಕ್ತವನ್ನು ಇತರರ ಮೈಗೆ ಸೇರಿಸಿ ಆತನು ಒನಿಗಳನ್ನು ಸೃಷ್ಟಿಸುವನು. ಬಿಸಿಲನ್ನು ಗೆಲ್ಲಬಲ್ಲ ಒಬ್ಬನಾದರೂ ಹುಟ್ಟಿಯಾನು, ಅವನನ್ನು ನುಂಗಿ ತಾನೂ ಸೂರ್ಯನನ್ನು ಜಯಿಸಬಹುದು ಎಂಬುದು ಅವನ ಸಾವಿರ ವರ್ಷದ ಲೆಕ್ಕಾಚಾರ.

ಒನಿಯಾದವನಿಗೆ ಹಳೆಯ ಬಾಳಿನ ನೆನಪು ಅಳಿಸಿಹೋಗುವುದು. ಅದಕ್ಕೂ ಮುನ್ನ ಅನೇಕರು ಮೊದಲು ತಿನ್ನುವುದು ಎದುರಿಗಿರುವ ತಮ್ಮ ಮನೆಯವರನ್ನೇ. ಕಥೆಯ ಆರಂಭದಲ್ಲಿ ಬರುವ ಒಬ್ಬ ಒನಿಗೆ ಮೈತುಂಬ ಕೈಗಳು. ಅವನ ತಲೆ ಉರುಳಿದ ಮೇಲೆ, ಸಾಯುವ ಗಳಿಗೆಯಲ್ಲಿ ಆ ಕೈಗಳ ಹಿಂದಿನ ಮರ್ಮ ತೆರೆಯುವುದು: ಕತ್ತಲೆಗೆ ಹೆದರಿ, ಕೈ ಹಿಡಿದುಕೋ ಎಂದು ಅಣ್ಣನನ್ನು ಬೇಡುತ್ತಿದ್ದ ಪುಟ್ಟ ಹುಡುಗನಾತ, ಒನಿಯಾದ ರಾತ್ರಿ ಆ ಅಣ್ಣನನ್ನೇ ಕಚ್ಚಿ ಕೊಂದವನು. ಅವನನ್ನು ಕೊಂದ ನಮ್ಮ ನಾಯಕನು ಆಗ ಮಾಡುವುದೇನು? ಕರಗಿಹೋಗುತ್ತಿರುವ ಒಂದು ಕೈಯನ್ನು ತನ್ನ ಎರಡೂ ಕೈಗಳಿಂದ ಹಿಡಿದುಕೊಂಡು, ಮುಂದಿನ ಜನ್ಮದಲ್ಲಿ ಇವನು ಒನಿಯಾಗದಿರಲಿ ಎಂದು ಪ್ರಾರ್ಥಿಸುವನು. ಪುನರ್ಜನ್ಮವನ್ನು ಬಲ್ಲ ನಮ್ಮವರಿಗೆ ಈ ಪ್ರಾರ್ಥನೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಬೆನ್ನಮೇಲಿನ ಪೆಟ್ಟಿಗೆ

ಆ ಹುಡುಗನ ಹೆಸರು ತಾಂಜಿರೋ. ತಂಗಿಯ ಹೆಸರು ನೆಜುಕೊ. ಹಿಮದಲ್ಲಿ ತಂಗಿ ಮೇಲೆ ಬಿದ್ದ ಆ ಬೆಳಗ್ಗೆ ಗಿಯು ಎಂಬ ಒನಿಬೇಟೆಗಾರನು ಅಲ್ಲಿಗೆ ಬಂದು ಆಕೆಯನ್ನು ಕೊಲ್ಲಲು ಕತ್ತಿಯೆತ್ತುವನು. ತಾಂಜಿರೋ ಹಣೆಯನ್ನು ಹಿಮಕ್ಕೆ ಹಚ್ಚಿ ಬೇಡಿಕೊಳ್ಳುವನು. ಬೇಡುವವನಿಗೆ ಯಾರನ್ನೂ ಉಳಿಸಿಕೊಳ್ಳುವ ಯೋಗ್ಯತೆಯಿಲ್ಲವೆಂದು ಗಿಯು ಗದರುವನು. ಆದರೆ ಅಣ್ಣ ಮೂರ್ಛೆ ಹೋದಾಗ, ಹಸಿದು ಕಂಗೆಟ್ಟ ಆ ರಕ್ಕಸಿ ಅವನನ್ನು ತಿನ್ನುವ ಬದಲು ಕೈಚಾಚಿ ಅಡ್ಡ ನಿಲ್ಲುವಳು. ಅದನ್ನು ಕಂಡು ಬೇಟೆಗಾರನ ಕತ್ತಿ ಒರೆಗೆ ಹಿಂದಿರುಗುವುದು.

ಅಲ್ಲಿಂದ ಮುಂದೆ ನೆಜುಕೊಳ ಬಾಯಿಗೆ ಬಿದಿರಿನ ತುಂಡು. ಹಗಲೆಲ್ಲ ಆಕೆ ಮರದ ಪೆಟ್ಟಿಗೆಯಲ್ಲಿ ಮುದುಡಿ ಮಲಗುವಳು. ಪೆಟ್ಟಿಗೆ ಅಣ್ಣನ ಬೆನ್ನಮೇಲೆ. ಇದ್ದಿಲಿನ ಬುಟ್ಟಿ ಹೊತ್ತ ಬೆನ್ನಿಗೆ ಈಗ ತಂಗಿಯ ಭಾರ. ಉರೊಕೊದಾಕಿ ಎಂಬ ವೃದ್ಧ ಗುರುವಿನ ಬಳಿ ಎರಡು ವರ್ಷ ಕತ್ತಿವಿದ್ಯೆ ಕಲಿತು ತಾಂಜಿರೋ ಬೇಟೆಗಾರರ ಪಡೆಯನ್ನು ಸೇರುವನು. ಒನಿಗಳನ್ನು ಕೊಲ್ಲಬೇಕು; ತಂಗಿಯನ್ನು ಮತ್ತೆ ಮನುಷ್ಯಳನ್ನಾಗಿ ಮಾಡುವ ಮದ್ದನ್ನು ಹುಡುಕಬೇಕು. ಎರಡೂ ಒಂದೇ ದಾರಿ.

ಕಥೆ ನಡೆಯುವುದು ತಾಯಿಷೋ ಚಕ್ರವರ್ತಿಯ ಕಾಲದಲ್ಲಿ, ಎಂದರೆ 1912ರಿಂದ 1926ರವರೆಗಿನ ಅವಧಿಯಲ್ಲಿ. ಟೋಕಿಯೋದಲ್ಲಿ ವಿದ್ಯುದ್ದೀಪಗಳು ಬೆಳಗುತ್ತಿವೆ, ರೈಲುಗಳು ಓಡುತ್ತಿವೆ, ಸಾಹುಕಾರರು ಪಾಶ್ಚಾತ್ಯ ಉಡುಪು ಧರಿಸಿದ್ದಾರೆ. ಸಾಮಾನ್ಯರು ಕತ್ತಿ ಧರಿಸಕೂಡದೆಂದು 1876ರಲ್ಲಿಯೇ ಸರ್ಕಾರದ ಆಜ್ಞೆಯಾಗಿದೆ. ಆದುದರಿಂದ ಜನರನ್ನು ಕಾಯುವ ಈ ವೀರರು ಪೋಲೀಸರನ್ನು ಕಂಡರೆ ಕತ್ತಿ ಮುಚ್ಚಿಟ್ಟುಕೊಂಡು ಓಡಬೇಕು! ಸರ್ಕಾರದ ಲೆಕ್ಕದಲ್ಲಿ ಅಂಥದೊಂದು ಪಡೆಯೇ ಇಲ್ಲ.

ಅಸಾಕುಸ ಎಂಬ ಪೇಟೆಯ ಜನಜಂಗುಳಿಯಲ್ಲಿ ತಾಂಜಿರೋ ತನ್ನ ಮನೆಯವರನ್ನು ಕೊಂದವನ ವಾಸನೆ ಹಿಡಿದು ಓಡುವನು. ಹೆಗಲಿಗೆ ಕೈಯಿಟ್ಟು ತಿರುಗಿಸಿದರೆ ಅಲ್ಲಿ ನಿಂತಿರುವವನು ಟೊಪ್ಪಿ ಧರಿಸಿದ ಸಭ್ಯ ಗೃಹಸ್ಥ. ಆತನ ತೋಳಿನಲ್ಲಿ ಅಪ್ಪಾ ಎಂದು ಕರೆಯುವ ಪುಟ್ಟ ಹುಡುಗಿ, ಪಕ್ಕದಲ್ಲಿ ಹೆಂಡತಿ. ಅವರಿಬ್ಬರೂ ಮನುಷ್ಯರು, ಅವನಾರೆಂಬುದು ಅವರಿಗೆ ತಿಳಿಯದು. ಲೋಕದ ಮನೆಗಳನ್ನು ಮುರಿದ ಮುಜಾನನು ಅಡಗಿಕೊಂಡಿರುವುದು ಒಂದು ಸಂಸಾರದ ಮರೆಯಲ್ಲಿ! ಧಾರಾವಾಹಿಯಲ್ಲಿ ಇದಕ್ಕಿಂತ ಹೆಚ್ಚು ಮೈ ಜುಮ್ಮೆನ್ನಿಸುವ ಕಾಳಗಗಳಿವೆ. ಇದಕ್ಕಿಂತ ಹೆಚ್ಚು ಅಂಜಿಸುವ ದೃಶ್ಯ ವಿರಳ.

ಹೆದರಿಕೆಯ ಸಂಸಾರ

ನತಾಗುಮೊ ಬೆಟ್ಟದಲ್ಲಿ ಜೇಡರ ಹುಳುಗಳಂತೆ ಬಲೆ ನೇಯುವ ಒನಿಗಳ ಗುಂಪೊಂದಿದೆ. ಅವರೊಳಗೆ ಒಬ್ಬನು ತಂದೆ, ಒಬ್ಬಳು ತಾಯಿ, ಇನ್ನಿಬ್ಬರು ಅಣ್ಣ, ಅಕ್ಕ. ಇವರನ್ನೆಲ್ಲ ಕೂಡಿಹಾಕಿದವನು ರೂಯಿ ಎಂಬ ಬಾಲಕ. ಆಜ್ಞೆ ಮೀರಿದರೆ ಕಡಿದು ತುಂಡರಿಸುವ ದಾರದಿಂದ ಅವರನ್ನೆಲ್ಲ ಕಟ್ಟಿಟ್ಟಿದ್ದಾನೆ. ಅಣ್ಣನಿಗಾಗಿ ತಾನು ಪೆಟ್ಟು ತಿನ್ನಲು ಮುಂದಾದ ನೆಜುಕೊಳನ್ನು ಕಂಡು ಅವನಿಗೆ ಬೆರಗು. ಇಂಥ ತಂಗಿ ತನಗೂ ಬೇಕೆಂದು ಹಟ ಹಿಡಿಯುವನು. ಹೆದರಿಕೆಯಿಂದ ಬಿಗಿದ ಕಟ್ಟು ನಂಟಾಗಲಾರದೆಂದು ತಾಂಜಿರೋ ಎದುರು ನಿಲ್ಲುವನು.

2019ರ ಆಗಸ್ಟ್ 10ರಂದು ಪ್ರಸಾರವಾದ 19ನೆಯ ಕಂತು ಈ ಕಾಳಗಕ್ಕೆ ಮೀಸಲು. ತಾಂಜಿರೋವಿನ ಕತ್ತಿ ಮುರಿದಿದೆ. ಗುರು ಕಲಿಸಿದ ವಿದ್ಯೆ ಸಾಲದು. ಆ ಗಳಿಗೆಯಲ್ಲಿ ನೆನಪಿಗೆ ಬರುವುದು ರೋಗಪೀಡಿತನಾಗಿದ್ದ ತಂದೆ ಹೊಸ ವರ್ಷದ ರಾತ್ರಿ ಹಿಮದ ಮೇಲೆ ಬೆಳಗಿನವರೆಗೂ ದಣಿಯದೆ ಕುಣಿಯುತ್ತಿದ್ದ ಅಗ್ನಿದೇವತೆಯ ನೃತ್ಯ. ಬೆಂಕಿಯಿಂದ ಬದುಕುವ ಇದ್ದಿಲಿನವರ ಮನೆತನದಲ್ಲಿ ತಂದೆಯಿಂದ ಮಗನಿಗೆ ಬಂದ ಆಚಾರವದು. ಆ ಹೆಜ್ಜೆಗಳೇ ಕತ್ತಿಯ ಪಟ್ಟುಗಳಾಗುವುವು. ಇತ್ತ ಬಲೆಯಲ್ಲಿ ಸಿಕ್ಕಿ ಎಚ್ಚರ ತಪ್ಪಿದ ನೆಜುಕೊಳನ್ನು ಕನಸಿನಲ್ಲಿ ತಾಯಿ ಬಂದು ಎಬ್ಬಿಸುವಳು. ಮಗನಿಗೆ ಸತ್ತ ತಂದೆಯ ನೆರವು, ಮಗಳಿಗೆ ಸತ್ತ ತಾಯಿಯ ನೆರವು. ಈ ಕಂತು ಪ್ರಸಾರವಾದ ಮೇಲೆಯೇ ಧಾರಾವಾಹಿಯ ಕೀರ್ತಿ ಜಪಾನಿನ ಗಡಿ ದಾಟಿ ಹಬ್ಬಿತು.

ಕೊನೆಗೆ ರೂಯಿಯ ತಲೆ ಉರುಳುವುದು ಗಿಯುವಿನ ಕತ್ತಿಯಿಂದ. ಸಾಯುವಾಗ ಅವನಿಗೂ ನೆನಪು ಮರಳುವುದು. ನಾಲ್ಕು ಹೆಜ್ಜೆ ನಡೆಯಲಾರದ ರೋಗಿಷ್ಠ ಮಗು ಅವನು. ಮುಜಾನನು ಬಲ ಕೊಟ್ಟನು. ಹುಡುಗನು ಮನುಷ್ಯನನ್ನು ಕೊಂದು ತಿಂದನು. ಅದನ್ನು ಕಂಡ ತಂದೆ ಮಗನ ಮೇಲೆಯೇ ಆಯುಧವೆತ್ತಿದನು. ತನ್ನನ್ನು ಹೆತ್ತವರು ನಿಜವಾದ ತಂದೆತಾಯಿಯರಲ್ಲವೆಂದು ಕೆರಳಿ ರೂಯಿ ಇಬ್ಬರನ್ನೂ ಕೊಂದನು. ಆರೋಗ್ಯವಂತ ದೇಹವನ್ನು ಕೊಡಲಾರದೆ ಹೋದೆನಲ್ಲಾ ಎಂದು ತಾಯಿ ಕೊನೆಯುಸಿರಿನಲ್ಲಿ ಮರುಗಿದಾಗ, ತನ್ನ ಪಾಪವನ್ನು ಹೊತ್ತು ತನ್ನೊಡನೆಯೇ ಸಾಯಲು ತಂದೆ ಸಿದ್ಧನಾಗಿದ್ದನೆಂಬುದು ಅವನಿಗೆ ಹೊಳೆದಿತ್ತು. ಬೂದಿಯಾಗುವ ಮಗನನ್ನು ಈಗ ಆ ತಂದೆತಾಯಿಯರೇ ಎದುರ್ಗೊಂಡು, ನರಕಕ್ಕಾದರೂ ಸರಿಯೆಂದು ಜೊತೆಯಲ್ಲಿ ನಡೆಯುವರು.

ಕುಂಚದ ನೀರು, ಕುಂಚದ ಬೆಂಕಿ

ಈ ಕಥೆಗೆ ಚಲನೆ ಕೊಟ್ಟುದು 2000ದಲ್ಲಿ ಸ್ಥಾಪಿತವಾದ ‘ಯೂಫೊಟೇಬಲ್’ ಎಂಬ ಚಿತ್ರಶಾಲೆ. ನಿರ್ದೇಶಕರು ಹಾರುವೊ ಸೊತೊಜಾಕಿ. ಸಂಗೀತ ಯೂಕಿ ಕಾಜಿಯುರ ಮತ್ತು ಗೋ ಷೀನ ಅವರದು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಸರಿಯುವುವು. ಅಷ್ಟನ್ನೂ ಬೇರೆಬೇರೆಯಾಗಿ ಬರೆಯುವುದು ದುಬಾರಿ. ಒಸಾಮು ತೆಜುಕ ಅವರು 1963ರ ಜನವರಿಯಲ್ಲಿ ‘ಆಸ್ಟ್ರೋ ಬಾಯ್’ ಧಾರಾವಾಹಿಯನ್ನು ಟೆಲಿವಿಷನ್ನಿಗೆ ತಂದ ಕಾಲದಿಂದಲೂ ಜಪಾನೀಯರು ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳಿಗೆ ನಿಲ್ಲಿಸಿ, ಕಡಿಮೆ ಚಿತ್ರಗಳಲ್ಲಿ ಹೆಚ್ಚು ಭಾವ ತುಂಬುವ ಜಾಣ್ಮೆಯನ್ನು ಬೆಳೆಸಿಕೊಂಡಿರುವರು.

ಯೂಫೊಟೇಬಲ್ ಕಲಾವಿದರ ಹೆಚ್ಚುಗಾರಿಕೆ, ಕೈಯಿಂದ ಬರೆದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ರಚಿಸಿದ ದೃಶ್ಯವನ್ನೂ ಬೆಸುಗೆ ಕಾಣದಂತೆ ಬೆರೆಸುವುದರಲ್ಲಿದೆ. ತಾಂಜಿರೋ ಕತ್ತಿ ಬೀಸಿದಾಗ ಅಲೆಗಳೇಳುವುವು. ಅವು ನಿಜವಾದ ನೀರಿನಂತಿರದೆ ಹಳೆಯ ಜಪಾನೀ ಮರದಚ್ಚಿನ ಚಿತ್ರಗಳ ಅಲೆಗಳಂತೆ ದಪ್ಪ ಗೆರೆಯ ನೊರೆಯಿಂದ ಕೂಡಿವೆ. ನೀರು ಅಲ್ಲಿ ಇಲ್ಲವೇ ಇಲ್ಲ. ಉಸಿರನ್ನು ಹಿಡಿದು ಬಿಡುವ ಕತ್ತಿವಿದ್ಯೆಯ ಲಯವನ್ನು ಕಣ್ಣಿಗೆ ತೋರಿಸುವ ಉಪಾಯವದು. ಅಗ್ನಿನೃತ್ಯಕ್ಕೆ ಬಂದಾಗ ಅದೇ ಗೆರೆ ಜ್ವಾಲೆಯಾಗುವುದು.

ಕನಸಿನ ರೈಲು

2020ರ ಅಕ್ಟೋಬರ್ 16ರಂದು ಕಥೆಯ ಮುಂದಿನ ಭಾಗ ‘ಮುಗೆನ್ ರೈಲು’ ಎಂಬ ಪೂರ್ಣಪ್ರಮಾಣದ ಚಲನಚಿತ್ರವಾಗಿ ತೆರೆಕಂಡಿತು. ಕೊರೊನಾ ಸಾಂಕ್ರಾಮಿಕದಿಂದ ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದ ವರ್ಷವದು. ಜಪಾನಿನ ಜನ ಮುಖಕ್ಕೆ ಮುಸುಕು ಕಟ್ಟಿಕೊಂಡು ಚಿತ್ರಮಂದಿರಗಳಿಗೆ ನುಗ್ಗಿದರು. ಹತ್ತೇ ದಿನಗಳಲ್ಲಿ ಗಳಿಕೆ 1,000 ಕೋಟಿ ಯೆನ್ ದಾಟಿತು. ಹಯಾವೊ ಮಿಯಾಜಾಕಿ ಅವರ ‘ಸ್ಪಿರಿಟೆಡ್ ಅವೇ’ 2001ರಿಂದ ಕಾಪಾಡಿಕೊಂಡು ಬಂದಿದ್ದ ದಾಖಲೆ ಡಿಸೆಂಬರಿನಲ್ಲಿ ಮುರಿಯಿತು. ಜಪಾನೊಂದರಲ್ಲಿಯೇ 4,000 ಕೋಟಿ ಯೆನ್ ಮೀರಿ ಗಳಿಸಿದ ಮೊದಲ ಚಿತ್ರ ಇದು.

ಕತೆಯೇನು? ಪ್ರಯಾಣಿಕರಿಗೆ ಸವಿಗನಸು ಕಾಣಿಸಿ ಮಲಗಿದಲ್ಲೇ ನುಂಗುವ ಒನಿಯೊಂದು ರೈಲಿನಲ್ಲಿದೆ. ತಾಂಜಿರೋವಿಗೂ ನಿದ್ದೆ ಕವಿಯುವುದು. ಕನಸಿನಲ್ಲಿ ಅದೇ ಹಿಮ, ಅದೇ ಮನೆ. ತಾಯಿ ಅಡುಗೆ ಮಾಡುತ್ತಿದ್ದಾಳೆ, ತಮ್ಮಂದಿರು ಕಿತ್ತಾಡುತ್ತಿದ್ದಾರೆ. ಏನೂ ಆಗಿಯೇ ಇಲ್ಲ! ಇದು ಕನಸೆಂದು ಅರಿವಾದಾಗ ಆತನು ಅವರಿಗೆ ಬೆನ್ನು ತಿರುಗಿಸಿ ಹೊರಡಬೇಕು. ಕಿರಿಯ ತಮ್ಮನು ಬಿಟ್ಟುಹೋಗಬೇಡವೆಂದು ಹಿಂದಿನಿಂದ ಅಳುವನು. ಅಣ್ಣನೂ ಅಳುತ್ತಲೇ ಓಡುವನು; ತಿರುಗಿ ನೋಡುವುದಿಲ್ಲ. ತೀರಿಹೋದವರನ್ನು ಕನಸಿನಲ್ಲಿ ಕಂಡು, ಬೆಳಗಾಗಬಾರದಿತ್ತೆಂದು ಹಂಬಲಿಸಿದವರಿಗೆ ಈ ದೃಶ್ಯದ ನೋವು ತಿಳಿದೀತು. ಅನೇಕ ಮನೆಗಳಲ್ಲಿ ಸಾವು ಬಾಗಿಲು ತಟ್ಟಿದ್ದ ಆ ವರ್ಷ ಪ್ರೇಕ್ಷಕರು ಅದನ್ನು ಹೇಗೆ ನೋಡಿರಬೇಕು, ಊಹಿಸಿಕೊಳ್ಳಿರಿ.

ಒನಿಬೇಟೆಗಾರರಲ್ಲಿ ಅಗ್ರಗಣ್ಯರಾದ ಒಂಬತ್ತು ಮಂದಿಯನ್ನು ‘ಹಾಷಿರ’ ಎನ್ನುವರು, ಎಂದರೆ ಕಂಬಗಳು. ಅವರಲ್ಲೊಬ್ಬನಾದ ರೆಂಗೋಕು ಆ ರಾತ್ರಿ ರೈಲಿನಲ್ಲಿದ್ದ 200ಕ್ಕೂ ಮಿಕ್ಕ ಜನರಲ್ಲಿ ಒಬ್ಬರನ್ನೂ ಸಾಯಗೊಡದೆ ಕಾಪಾಡಿ, ಅಕಾಜಾ ಎಂಬ ಬಲಿಷ್ಠ ಒನಿಯೊಡನೆ ಕಾದಾಡುವನು. ಒನಿಯಾಗು, ಮುಪ್ಪಿಲ್ಲದೆ ಬಾಳು ಎಂದು ಅಕಾಜಾ ಆಸೆ ತೋರಿಸುವನು. ಬಲವುಳ್ಳವನಾಗಿ ಹುಟ್ಟಿದವನಿಗೆ ಬಲಹೀನರನ್ನು ಕಾಯುವುದೇ ಕರ್ತವ್ಯವೆಂದು ಬಾಲ್ಯದಲ್ಲಿ ತಾಯಿ ಹೇಳಿದ್ದ ಮಾತು ರೆಂಗೋಕುವಿನ ಉತ್ತರ. ಸೂರ್ಯೋದಯದಲ್ಲಿ, ಕುಳಿತಂತೆಯೇ, ಮುಗುಳ್ನಗುತ್ತ ಅವನ ಪ್ರಾಣ ಹೋಗುವುದು. ಕತ್ತಿಯನ್ನು ಮೂಲೆಗೆಸೆದು ಕುಡಿತಕ್ಕೆ ಬಿದ್ದ ತಂದೆಯೂ, ಅಣ್ಣನನ್ನೇ ನಂಬಿದ್ದ ತಮ್ಮನೂ ಮನೆಯಲ್ಲಿ ಉಳಿಯುವರು.

ಇನ್ನೊಬ್ಬ ಅಣ್ಣ, ಇನ್ನೊಬ್ಬ ತಂಗಿ

2021ರ ಡಿಸೆಂಬರಿನಲ್ಲಿ ಆರಂಭವಾದ ಭಾಗ ಟೋಕಿಯೋದ ಯೋಷಿವಾರ ಎಂಬ ವೇಶ್ಯಾವಾಟಿಕೆಯಲ್ಲಿ ನಡೆಯುವುದು. ಅಲ್ಲಿ ಎದುರಾಗುವ ಒನಿಗಳೂ ಒಡಹುಟ್ಟಿದವರೇ. ಗ್ಯೂತಾರೋ ಕುರೂಪಿ, ತಂಗಿ ಊಮೆ ಚೆಲುವೆ. ಆ ಕೇರಿಯ ಕಡುಬಡತನದಲ್ಲಿ, ಕೂಸುಗಳೆಂದರೆ ಬರಿಯ ಬಾಯಿಗಳೆಂದು ಶಪಿಸುವವರ ನಡುವೆ ಹುಟ್ಟಿದವರು. ತಂಗಿಯೊಬ್ಬಳೇ ಅಣ್ಣನ ಹೆಮ್ಮೆ. ಸಮುರಾಯಿಯೊಬ್ಬನ ಕಣ್ಣಿಗೆ ಇರಿದಳೆಂದು ಆಕೆಯನ್ನು ಕಟ್ಟಿ ಜೀವಂತ ಸುಟ್ಟರು. ಕರಕಲಾದ ತಂಗಿಯನ್ನು ಹೊತ್ತು ಅಣ್ಣನು ಅಲೆದಾಗ ನೆರವಿಗೆ ಬಂದ ಮನುಷ್ಯನಿಲ್ಲ. ಬಂದವನು ಒಬ್ಬ ಒನಿ. ಅಣ್ಣತಂಗಿ ಇಬ್ಬರೂ ಒನಿಗಳಾದರು.

ಅಂದು ಹಿಮದಲ್ಲಿ ತಾಂಜಿರೋವಿಗೆ ಸಿಕ್ಕಿದವನು ಗಿಯು. ಗ್ಯೂತಾರೋವಿಗೆ ಸಿಕ್ಕಿದವನು ರಕ್ಕಸ. ಇಬ್ಬರು ಅಣ್ಣಂದಿರ ನಡುವಣ ಅಂತರ ಇಷ್ಟೇ ಎಂದು ಕಥೆ ತೋರಿಸಿಕೊಡುವುದು. ತಲೆಗಳು ಉರುಳಿದ ಮೇಲೂ ಅವರಿಬ್ಬರು ಒಬ್ಬರನ್ನೊಬ್ಬರು ಬಯ್ದುಕೊಳ್ಳುತ್ತಿರುವಾಗ ತಾಂಜಿರೋ ಗ್ಯೂತಾರೋವಿನ ಬಾಯಿ ಮುಚ್ಚಿ, ಲೋಕವೆಲ್ಲ ನಿಮ್ಮನ್ನು ಶಪಿಸುವಾಗ ನೀವಾದರೂ ಒಬ್ಬರಿಗೊಬ್ಬರು ಆಗಬಾರದೆ ಎಂಬರ್ಥದ ಮಾತಾಡುವನು. ಕತ್ತಲೆಯಲ್ಲಿ ಅಣ್ಣನು ತಂಗಿಯನ್ನು ಬೆಳಕಿನ ಕಡೆಗೆ ಹೋಗೆಂದು ಅಟ್ಟಿದರೂ ಆಕೆ ಹೋಗಳು. ಅವನ ಬೆನ್ನೇರಿ ಅಪ್ಪಿಕೊಳ್ಳುವಳು. ಆಕೆಯನ್ನು ಹೊತ್ತು ಆತನು ಉರಿಯುವ ನರಕದೊಳಗೆ ನಡೆಯುವನು.

ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ನೂರಾರು ಜನರನ್ನು ತಿಂದವರಿಗಾಗಿ ಕಣ್ಣೀರು ಹಾಕಿಸುವುದು ನ್ಯಾಯವೆ? ತಿನ್ನಲ್ಪಟ್ಟವರಿಗೂ ಮನೆಮಂದಿ ಇರಲಿಲ್ಲವೆ? ಕಥೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದಿಲ್ಲ. ಎಷ್ಟು ಕರುಣಾಜನಕ ಪೂರ್ವವೃತ್ತಾಂತವಿದ್ದರೂ ಯಾವ ಕೊಲೆಗಾರ ಒನಿಯನ್ನೂ ಅದು ಬದುಕಗೊಡುವುದಿಲ್ಲ. ಕತ್ತಿ ಮೊದಲು, ಕಣ್ಣೀರು ಆಮೇಲೆ.

ಹಿರಿಯ ಮಗನ ಹೊರೆ

ಪ್ರತಿಪಕ್ಷದ ಮಾತೂ ಕಥೆಯೊಳಗೇ ಇದೆ. ಹಾಷಿರರಲ್ಲಿ ಸಾನೆಮಿ ಎಂಬವನು ನೆಜುಕೊ ಮಲಗಿದ್ದ ಪೆಟ್ಟಿಗೆಗೆ ಕತ್ತಿಯಿಂದ ತಿವಿದು, ರಕ್ತ ಸುರಿಯುವ ತನ್ನ ತೋಳನ್ನು ಆಕೆಯ ಮುಂದೆ ಒಡ್ಡಿ ಕೆಣಕುವನು. ಆಕೆ ಮನುಷ್ಯರನ್ನು ತಿಂದದ್ದಾದರೆ ತಾವು ಹೊಟ್ಟೆ ಸೀಳಿಕೊಂಡು ಸಾಯುವೆವೆಂದು ಗುರು ಉರೊಕೊದಾಕಿಯೂ ಗಿಯುವೂ ಮಾತು ಕೊಟ್ಟಿದ್ದಾರೆ. ಮೂರು ಪ್ರಾಣಗಳು ಆ ಒಂದು ಗಳಿಗೆಯ ಮೇಲೆ ತೂಗುತ್ತಿವೆ. ಹಸಿವಿನಿಂದ ನಡುಗುವ ನೆಜುಕೊ ಮುಖ ತಿರುಗಿಸಿಬಿಡುವಳು! ಸಾನೆಮಿಯ ಕ್ರೌರ್ಯಕ್ಕೆ ಕಾರಣ ಬಹಳ ಮುಂದೆ ತಿಳಿಯುವುದು. ಒನಿಯಾದ ತಾಯಿ ಅವನ ತಮ್ಮತಂಗಿಯರನ್ನು ಕೊಂದಿದ್ದಳು. ಉಳಿದೊಬ್ಬ ತಮ್ಮನನ್ನು ಕಾಯಲು ತಾಯಿಯನ್ನು ಕೊಂದವನು ಸಾನೆಮಿಯೇ. ಆ ತಮ್ಮನೇ ಅವನನ್ನು ಕೊಲೆಗಾರನೆಂದು ಕೂಗಿದ್ದನು.

ಈ ಕಥೆಯಲ್ಲಿ ಹಿರಿಯ ಮಕ್ಕಳ ಹೆಗಲೇ ಎಲ್ಲಕ್ಕೂ ಆಧಾರ. ಮೂಳೆ ಮುರಿದು ನರಳುವಾಗ ತಾನು ಹಿರಿಯ ಮಗನಾದುದರಿಂದ ಇದನ್ನು ತಾಳಿಕೊಂಡೆ, ಎರಡನೆಯವನಾಗಿದ್ದರೆ ಆಗುತ್ತಿರಲಿಲ್ಲ ಎಂದು ತಾಂಜಿರೋ ತನಗೆ ತಾನೇ ಹೇಳಿಕೊಳ್ಳುವ ಸಂದರ್ಭ ಜಪಾನಿನಲ್ಲಿ ನಗೆಮಾತಾಗಿ ಹಬ್ಬಿತು. ನಗುವಿನ ಹಿಂದೆ ಸತ್ಯವಿಲ್ಲದಿಲ್ಲ. 13ನೆಯ ವಯಸ್ಸಿಗೆ ಯಜಮಾನಿಕೆ ಹೊತ್ತ ಹುಡುಗನಿಗೆ ಅಳಲು ಪುರಸತ್ತೆಲ್ಲಿ? ಆ ಹೊರೆಯನ್ನು ಪುಣ್ಯವೆಂದೇ ಬಣ್ಣಿಸುವುದು ಈ ಕಥೆಯ ದೌರ್ಬಲ್ಯವೆನ್ನಬಹುದು. ಬಾಯಿಗೆ ಬಿದಿರು ಕಟ್ಟಿಸಿಕೊಂಡ ನೆಜುಕೊ ಬಹುಕಾಲ ಮಾತೇ ಆಡಳೆಂಬುದೂ ಆಕ್ಷೇಪಕ್ಕೆ ಎಡೆ ಕೊಡುವಂಥದು. ರಕ್ತಪಾತವಂತೂ ಧಾರಾಳ. ಜಪಾನಿನಲ್ಲಿಯೇ ‘ಮುಗೆನ್ ರೈಲು’ ಚಿತ್ರಕ್ಕೆ 12 ವರ್ಷದೊಳಗಿನ ಮಕ್ಕಳು ಹಿರಿಯರ ಮಾರ್ಗದರ್ಶನದಲ್ಲಿ ನೋಡತಕ್ಕದ್ದೆಂಬ ಸೂಚನೆಯಿತ್ತು. ಚಿತ್ರಕಥೆ ಎಂಬ ಮಾತ್ರಕ್ಕೆ ಇದು ಎಳೆಯ ಮಕ್ಕಳ ಆಟಿಕೆಯಲ್ಲವೆಂಬುದನ್ನು ತಂದೆತಾಯಿಯರು ಗಮನಿಸಬೇಕು.

ಆದರೆ ಮೂಕಳಾದ ತಂಗಿಯೇ ಅಣ್ಣನಿಗೆ ದಾರಿ ತೋರುವ ಗಳಿಗೆಯೂ ಬರುವುದು. 2023ರ ಜೂನ್ ತಿಂಗಳಲ್ಲಿ ಮುಗಿದ ಭಾಗದ ಕೊನೆಯಲ್ಲಿ ಬೆಳಗಾಗುತ್ತಿದೆ. ಬಿಸಿಲಿಗೆ ಸಿಕ್ಕ ನೆಜುಕೊಳ ಮೈ ಸುಡತೊಡಗಿದೆ. ಅತ್ತ ತಪ್ಪಿಸಿಕೊಂಡ ಒನಿ ಹಳ್ಳಿಯ ಬಡಪಾಯಿಗಳ ಮೇಲೆ ಬೀಳಲಿದ್ದಾನೆ. ತಂಗಿಯನ್ನು ನೆರಳಿಗೆ ಮುಚ್ಚಿಡಬೇಕೆ, ಅವರನ್ನು ಉಳಿಸಬೇಕೆ? ಅಣ್ಣನಿಗೆ ನಿರ್ಧರಿಸಲಾಗದು. ಆಗ ಉರಿಯುತ್ತಿರುವ ನೆಜುಕೊಳೇ ಅಣ್ಣನನ್ನು ಒದ್ದು ಆ ಕಡೆಗೆ ಎಸೆಯುವಳು, ಸುಟ್ಟುಹೋಗುತ್ತಲೂ ಮುಗುಳ್ನಗುವಳು. ತಾಂಜಿರೋ ಅಳುತ್ತಲೇ ತನ್ನ ಕರ್ತವ್ಯವನ್ನು ತೀರಿಸಿ ಹಿಂದಿರುಗಿ ನೋಡಿದರೆ, ಆಕೆ ಬಿಸಿಲಿನಲ್ಲಿ ನಿಂತಿದ್ದಾಳೆ, ಸಾಯದೆ! ಮುಜಾನನು ಸಾವಿರ ವರ್ಷ ರಕ್ತ ಹರಿಸಿ ಹುಡುಕಿದುದು ಪರರಿಗಾಗಿ ಸಾಯಲೊಪ್ಪಿದ ಹುಡುಗಿಗೆ ದಕ್ಕಿತು.

ಕೊನೆಯ ಕೋಟೆ

ಕಥೆಯ ಅಂತಿಮ ಕಾಳಗವನ್ನು ಮೂರು ಚಲನಚಿತ್ರಗಳಾಗಿ ತೆಗೆಯುವುದೆಂದು ಗೊತ್ತುಮಾಡಲಾಯಿತು. ‘ಇನ್ಫಿನಿಟಿ ಕ್ಯಾಸಲ್’ ಎಂಬ ಹೆಸರಿನ ಮೊದಲನೆಯದು 2025ರ ಜುಲೈ 18ರಂದು ಜಪಾನಿನಲ್ಲಿಯೂ ಸೆಪ್ಟೆಂಬರಿನಲ್ಲಿ ಭಾರತದಲ್ಲಿಯೂ ಬಿಡುಗಡೆಯಾಯಿತು. ಜಪಾನೀ ಮೂಲದೊಡನೆ ಇಂಗ್ಲಿಷ್, ಹಿಂದಿ, ತಮಿಳು ಮತ್ತು ತೆಲುಗು ಮಾತುಗಳಲ್ಲಿಯೂ ಅದು ನಮ್ಮ ದೇಶದ ಪ್ರೇಕ್ಷಕರನ್ನು ತಲುಪಿತು. ಕನ್ನಡದ ಮಾತಿನಲ್ಲಿ ಮಾತ್ರ ಬರಲಿಲ್ಲ. ಕನ್ನಡಿಗರು ಪರಭಾಷೆಗಳಲ್ಲಿಯೇ ನೋಡಿ ಮನಸೋತರು.

ಎರಡೂವರೆ ಗಂಟೆಗೂ ದೀರ್ಘವಾದ ಆ ಚಿತ್ರದ ಹೃದಯ, ರೆಂಗೋಕುವನ್ನು ಕೊಂದ ಅದೇ ಅಕಾಜಾನ ಪೂರ್ವಕಥೆ. ಮನುಷ್ಯನಾಗಿದ್ದಾಗ ಆತನ ಹೆಸರು ಹಾಕುಜಿ. ರೋಗಿಯಾದ ತಂದೆಯ ಮದ್ದಿಗಾಗಿ ಜೇಬು ಕತ್ತರಿಸುತ್ತಿದ್ದ ಹುಡುಗ. ಕದ್ದು ತಂದ ಹಣದಲ್ಲಿ ತಾನು ಬದುಕಲಾರೆ, ಮಗ ನೇರ ದಾರಿಯಲ್ಲಿ ನಡೆಯಲಿ ಎಂದು ತಂದೆ ನೇಣು ಹಾಕಿಕೊಂಡನು. ಮುಂದೆ ಒಬ್ಬ ಗುರು ಕೈಹಿಡಿದನು. ಗುರುವಿನ ರೋಗಿಷ್ಠ ಮಗಳಿಗೆ ಶುಶ್ರೂಷೆ ಮಾಡಿ ಅವಳ ಒಲವನ್ನು ಪಡೆದನು. ಮದುವೆ ನಿಶ್ಚಯವಾದ ಮೇಲೆ ಹೊಟ್ಟೆಕಿಚ್ಚಿನ ನೆರೆಯವರು ಬಾವಿಗೆ ವಿಷ ಬೆರೆಸಿ ಆ ಇಬ್ಬರನ್ನೂ ಕೊಂದರು. ಬಲಿಷ್ಠನಾಗಬೇಕೆಂಬುದೊಂದನ್ನೇ ನೆನಪಿಟ್ಟುಕೊಂಡು, ಯಾರಿಗಾಗಿ ಬಲಿಷ್ಠನಾಗಬಯಸಿದೆನೆಂಬುದನ್ನು ಒನಿಯಾದ ಮೇಲೆ ಆತನು ಮರೆತಿದ್ದನು. ತಲೆ ಕಡಿದರೂ ಸಾಯದಷ್ಟು ಶಕ್ತಿ ಬಂದ ಗಳಿಗೆಯಲ್ಲಿಯೇ ಆ ನೆನಪು ಮರಳುವುದು. ಆಗ ಅಕಾಜಾ ತನ್ನ ಕೈಯಿಂದಲೇ ತನ್ನನ್ನು ಕೊನೆಗಾಣಿಸಿಕೊಳ್ಳುವನು.

ತಾಂಜಿರೋ ಮುಜಾನನನ್ನು ಗೆದ್ದನೆ? ನೆಜುಕೊ ಮತ್ತೆ ಮನುಷ್ಯಳಾದಳೆ? 23 ಸಂಪುಟಗಳನ್ನು ಓದಿದವರು ಬಲ್ಲರು. ಚಿತ್ರಗಳಿಗಾಗಿ ಕಾಯುವವರ ಕುತೂಹಲವನ್ನು ಇಲ್ಲಿ ಕೆಡಿಸುವುದು ಸರಿಯಲ್ಲ. ಒಂದು ಮಾತನ್ನಂತೂ ಧೈರ್ಯವಾಗಿ ಹೇಳಬಹುದು: ಆ ಬಾಲಕನ ಕತ್ತಿಗೆ ಸಿಕ್ಕಿ ಅಳಿದ ಒನಿಗಳಲ್ಲಿ ಹಲವರು ಕಣ್ಣು ಮುಚ್ಚುವ ಮುನ್ನ ತಮ್ಮ ಮನೆಯನ್ನು ಒಮ್ಮೆ ನೆನೆದರು. ಅವರ ಪಾಲಿಗೆ ಅಷ್ಟೇ ಮೋಕ್ಷ.